ರೀಚಾರ್ಜ್ ಬಿಟ್ಟ ಮನೆ, ಸಂಬಳ ನಿಲ್ಲಿಸಿದ ಕ್ಲಬ್

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದವನು. ಅಪ್ಪ ಬೋಟಿಗೆ ಹೋಗುತ್ತಾರೆ. ಗ್ಯಾಸು, ದಿನಸಿ, ಕರೆಂಟ್ ಬಿಲ್ಲು, ತಂಗಿಯ ಫೀಸು ಎಲ್ಲ ಏರಿದ್ದಕ್ಕೆ ಈ ವರ್ಷ ಮ್ಯಾಚ್ ನೋಡುವ ಪ್ಯಾಕ್ ತೆಗೆಸಿದ್ದೇವೆ. ಮಡಗಾಂವಿಗೆ ಹೋಗಿ ಎಫ್‌ಸಿ ಗೋವಾ ಪಂದ್ಯ ನೋಡುವುದೂ ನಿಂತಿದೆ. ನಮ್ಮಂಥ ಮನೆಗಳು ಹೀಗೆ ಕೈ ಬಿಗಿ ಹಿಡಿದರೆ ದೊಡ್ಡ ಫುಟ್ಬಾಲ್ ಕ್ಲಬ್‌ಗಳಿಗೆ ಏನಾದರೂ ಆಗುತ್ತದಾ? ನಾನು ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿ. ಅಲ್ಲಿ ಆಟಗಾರರ ಸಂಬಳ ನೋಡಿದರೆ ನಮ್ಮ ಲೆಕ್ಕ ಅವರಿಗೆ ಇದ್ದಂತೆ ಕಾಣುವುದಿಲ್ಲ.

ಉತ್ತರ: ಆಗುತ್ತದೆ. ಆದರೆ ಪೆಟ್ಟು ಬೀಳುವ ಜಾಗ ಬೇರೆ, ಮತ್ತು ಅದು ತಡವಾಗಿ ಬೀಳುತ್ತದೆ. ಯುನೈಟೆಡ್‌ನಂಥ ಕ್ಲಬ್ಬಿನ ಸ್ಟೇಡಿಯಂ ಖಾಲಿಯಾಗಿ, ಆಟಗಾರರ ಸಂಬಳ ಇಳಿಯುತ್ತದೆ ಎಂದು ಕಾದರೆ ಅದು ಕಾಣುವುದಿಲ್ಲ. ನಾಳೆ ಮನೆಗಳಿಂದ ಬರುವ ದುಡ್ಡನ್ನು ಇವತ್ತೇ ಯಾರು ಖರ್ಚು ಮಾಡಿ ಕೂತಿದ್ದಾರೋ ಅವರು ಮೊದಲು ಬೀಳುತ್ತಾರೆ. ಅವರಲ್ಲಿ ಜಾಸ್ತಿ ಸಣ್ಣ ಕ್ಲಬ್‌ಗಳೇ.

ನಿಮ್ಮದೇ ಮನೆಯಿಂದ ಶುರು ಮಾಡೋಣ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲರ್, ಪರ್ಸಿನ್ ಬೋಟು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಮನೆ ಹೇಗೆ ನಡೆಯುತ್ತದೆ ನೆನಪು ಮಾಡಿಕೊಳ್ಳಿ. ಅಕ್ಕಿ ಬಿಡುವುದಿಲ್ಲ, ತಂಗಿಯ ಫೀಸು ಬಿಡುವುದಿಲ್ಲ. ಹೊಸ ಬಟ್ಟೆ, ಹೊರಗಿನ ತಿಂಡಿ, ಪೇಟೆಯ ಓಡಾಟ, ಮೊಬೈಲ್ ಪ್ಯಾಕು, ಒಂದೊಂದಾಗಿ ಇವು ಹೋಗುತ್ತವೆ. ಫುಟ್ಬಾಲ್ ಅಭಿಮಾನಿಯ ಮನೆಯಲ್ಲೂ ಇದೇ ಕ್ರಮ. ಮೊದಲು ಹೋಗುವುದು ಹೊಸ ಜೆರ್ಸಿ. ಆಮೇಲೆ ಸ್ಟೇಡಿಯಂ ಒಳಗಿನ ತಿಂಡಿ ಮತ್ತು ಕುಡಿಯುವುದು, ಆಮೇಲೆ ದೂರದ ಊರಿನ ಪಂದ್ಯ, ಆಮೇಲೆ ಟಿವಿ ಪ್ಯಾಕು. ತನ್ನ ಊರಿನ ತಂಡದ ಸೀಸನ್ ಟಿಕೆಟ್ಟನ್ನು ಮಾತ್ರ ಅಭಿಮಾನಿ ಕೊನೆಯವರೆಗೂ ಬಿಡುವುದಿಲ್ಲ. ಅದು ಅವನಿಗೆ ಖರ್ಚು ಅಂತ ಅನ್ನಿಸುವುದೇ ಇಲ್ಲ, ಊರಿನ ಬಂಡಿಹಬ್ಬಕ್ಕೆ ವಂತಿಗೆ ಕೊಟ್ಟ ಹಾಗೆ.

ಇದನ್ನು ನಾನು ಪುಸ್ತಕದಲ್ಲಿ ಓದುವುದಕ್ಕಿಂತ ಮೊದಲು ಕಣ್ಣಾರೆ ನೋಡಿದ್ದೇನೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕಾಮರ್ಸ್ ಕಲಿಸಿದೆ, ಅದರ ಜೊತೆಗೆ ಊರಿನ ಒಂದು ಫುಟ್ಬಾಲ್ ಟೂರ್ನಮೆಂಟಿನ ಲೆಕ್ಕದ ಪುಸ್ತಕ ಹನ್ನೆರಡು ವರ್ಷ ನನ್ನ ಕೈಲಿತ್ತು. ಒಂದು ವರ್ಷ ಮೀನು ಸಿಗಲಿಲ್ಲ, ಊರಿಗೆ ಊರೇ ಕೈ ಖಾಲಿ. ಜನ ಬರುವುದಿಲ್ಲ ಅಂತ ಹೆದರಿದ್ದೆವು. ಜನ ಬಂದರು! ಗೇಟಿನ ಹಣ ಹಿಂದಿನ ವರ್ಷದಷ್ಟೇ ಆಯಿತು. ಬಿದ್ದದ್ದು ಬೇರೆ ಕಡೆ. ಭಜಿ ಸೋಡಾದವರು ಅಂಗಡಿ ಜಾಗಕ್ಕೆ ಅರ್ಧ ದುಡ್ಡೂ ಕೂಗಲಿಲ್ಲ. ಮೊದಲ ಬಹುಮಾನ ನಾನೇ ಕೊಡುತ್ತೇನೆ ಎಂದಿದ್ದ ಒಬ್ಬ ವ್ಯಾಪಾರಿ, ಕರಪತ್ರ ಅಚ್ಚಾಗಿ ಬಂದ ಮೇಲೆ ಆಗುವುದಿಲ್ಲ ಎಂದುಬಿಟ್ಟರು. ಅವರ ಅಂಗಡಿಯಲ್ಲೂ ಜನ ಕೊಳ್ಳುತ್ತಿರಲಿಲ್ಲ, ಅವರನ್ನು ದೂರಿ ಪ್ರಯೋಜನವಿಲ್ಲ. ಆದರೆ ನಾವು ಬಹುಮಾನದ ಮೊತ್ತವನ್ನು ಆಗಲೇ ಊರಿಗೆಲ್ಲ ಸಾರಿಯಾಗಿತ್ತು. ಫೈನಲ್ ಗೆದ್ದ ಹುಡುಗರಿಗೆ ಅರ್ಧ ಹಣ ಕೊಟ್ಟು, ಉಳಿದದ್ದನ್ನು ದೀಪಾವಳಿ ಕಳೆದ ಮೇಲೆ ಕೊಟ್ಟೆವು. ಆ ಆರು ತಿಂಗಳು ಆ ಹುಡುಗರ ಮುಖ ನೋಡುವುದು ನನಗೆ ಬಹಳ ಕಷ್ಟವಾಗಿತ್ತು.

ಈಗ ಇಂಗ್ಲೆಂಡಿಗೆ ಬನ್ನಿ. 2022ರ ಅಕ್ಟೋಬರಿನಲ್ಲಿ ಅಲ್ಲಿಯ ಬೆಲೆಯೇರಿಕೆ ವರ್ಷಕ್ಕೆ ಶೇ 11.1 ಮುಟ್ಟಿತು. ನಲವತ್ತು ವರ್ಷದಲ್ಲೇ ಅಷ್ಟು ಆಗಿರಲಿಲ್ಲ. ಗ್ಯಾಸು, ಕರೆಂಟಿನ ಬಿಲ್ಲಿಗೆ ಅಲ್ಲಿ ಸರ್ಕಾರಿ ಮಿತಿ ಇದೆ. ಆ ಮಿತಿಯನ್ನೇ 2022ರ ಏಪ್ರಿಲಿನಲ್ಲಿ ಒಂದೇ ಸಲಕ್ಕೆ ಶೇ 54 ಏರಿಸಿದರು, ಸಾಮಾನ್ಯ ಮನೆಯ ವರ್ಷದ ಬಿಲ್ಲು 1,971 ಪೌಂಡ್ ಆಯಿತು. ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ 2021ರ ಡಿಸೆಂಬರಿಗೆ ಮೊದಲು ಶೇ 0.1 ಇದ್ದದ್ದು 2023ರ ಆಗಸ್ಟಿಗೆ ಶೇ 5.25ಕ್ಕೆ ಬಂತು. ಇಷ್ಟಾದರೂ ಅಲ್ಲಿಯ ಅತಿ ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗಿನ ಸ್ಟೇಡಿಯಂಗಳು ಹೆಚ್ಚುಕಡಿಮೆ ತುಂಬಿಯೇ ಇದ್ದವು, ಕೆಳಗಿನ ಮೂರು ಡಿವಿಜನ್‌ಗಳಲ್ಲೂ ಪ್ರೇಕ್ಷಕರು ಕಡಿಮೆಯಾಗಲಿಲ್ಲ. ಹಾಗಾಗಿ "ನೋಡಿ, ಫುಟ್ಬಾಲಿಗೆ ಏನೂ ಆಗಲ್ಲ" ಎಂದು ಬಹಳ ಜನ ಬರೆದರು. ನಾನು ಇದನ್ನು ಒಪ್ಪುವುದಿಲ್ಲ. ನಮ್ಮ ಟೂರ್ನಮೆಂಟಿನಲ್ಲೂ ಗೇಟು ಸರಿಯಾಗಿಯೇ ಇತ್ತು, ಅಲ್ವಾ?

ದೊಡ್ಡ ಕ್ಲಬ್ಬಿನ ದುಡ್ಡು ಮೂರು ಬಾಗಿಲಿನಿಂದ ಬರುತ್ತದೆ. ಪಂದ್ಯದ ದಿನದ ಗಳಿಕೆ ಒಂದು, ಟಿವಿ ಹಕ್ಕು ಇನ್ನೊಂದು, ಸ್ಪಾನ್ಸರು ಜೆರ್ಸಿ ಇತ್ಯಾದಿ ವ್ಯಾಪಾರ ಮೂರನೆಯದು. ಡೆಲಾಯ್ಟ್ ಕಂಪನಿ ಪ್ರತಿ ವರ್ಷ ಜಗತ್ತಿನ 20 ಅತಿ ಶ್ರೀಮಂತ ಕ್ಲಬ್‌ಗಳ ಲೆಕ್ಕ ಹಾಕುತ್ತದೆ. 2023-24ರಲ್ಲಿ ಅವುಗಳ ಒಟ್ಟು ಆದಾಯ 1,120 ಕೋಟಿ ಯೂರೊ. ಅದರಲ್ಲಿ ಪಂದ್ಯದ ದಿನದ ಪಾಲು ಶೇ 18 ಮಾತ್ರ. ಉಳಿದ ಶೇ 82 ಟಿವಿ ಮತ್ತು ವ್ಯಾಪಾರದ್ದು. ಅಂದರೆ ನೀವು ಕೈಬಿಟ್ಟ ಪ್ಯಾಕು, ನೀವು ಮುಂದೂಡಿದ ಜೆರ್ಸಿ, ಇವೇ ಅಲ್ಲಿ ದೊಡ್ಡ ಬಾಗಿಲು. ಪ್ರೀಮಿಯರ್ ಲೀಗಿಗಂತೂ ಈಗ ಇಂಗ್ಲೆಂಡಿನ ಒಳಗಿನ ಟಿವಿ ಹಣಕ್ಕಿಂತ ಹೊರದೇಶಗಳಿಂದ ಬರುವ ಟಿವಿ ಹಣ ಜಾಸ್ತಿ. ನಿಮ್ಮ ಲೆಕ್ಕ ಅವರಿಗಿಲ್ಲ ಅಂದಿರಲ್ಲ, ಇದೆ. ಕೋಡಿಬಾಗದ ಒಂದು ಮನೆ ಏನೂ ಅಲ್ಲದಿರಬಹುದು, ಕೋಡಿಬಾಗದಂಥ ಲಕ್ಷ ಊರುಗಳು ಏನೂ ಅಲ್ಲ ಎನ್ನಲು ಆಗುವುದಿಲ್ಲ.

ಇದಕ್ಕೆ ಅತ್ಯಂತ ಸ್ಪಷ್ಟವಾದ ಪಾಠ ಫ್ರಾನ್ಸಿನಲ್ಲಿ ನಡೆದಿದೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅಲ್ಲಿಯ ಮೇಲಿನ ದರ್ಜೆಯ ಲೀಗ್ 1 ಪಂದ್ಯಗಳ ಟಿವಿ ಹಕ್ಕನ್ನು 2020ರಿಂದ ಮೀಡಿಯಾಪ್ರೊ ಎಂಬ ಕಂಪನಿ ವರ್ಷಕ್ಕೆ ಸುಮಾರು 80 ಕೋಟಿ ಯೂರೊ ಕೊಡುತ್ತೇನೆಂದು ಹಿಡಿದಿತ್ತು. ಕೋವಿಡ್ ಕಾಲ, ಸಾಕಷ್ಟು ಚಂದಾದಾರರು ಸಿಗಲಿಲ್ಲ, ಕೆಲವೇ ತಿಂಗಳಲ್ಲಿ ಕಂತು ಕಟ್ಟುವುದನ್ನು ನಿಲ್ಲಿಸಿತು. ಆಮೇಲೆ 2024ರಲ್ಲಿ ಡಜೋನ್ ಎಂಬ ಇನ್ನೊಂದು ಕಂಪನಿ ಬಂತು. ವರ್ಷಕ್ಕೆ ಸುಮಾರು 40 ಕೋಟಿ ಯೂರೊಗೆ ಬಹುಪಾಲು ಪಂದ್ಯ ತೆಗೆದುಕೊಂಡಿತು. ಅಷ್ಟು ಕೊಟ್ಟ ಮೇಲೆ ಅದನ್ನು ವಸೂಲಿ ಮಾಡಬೇಕಲ್ಲ. ಇಡೀ ವರ್ಷಕ್ಕೆ ಒಪ್ಪಿಕೊಂಡರೆ ತಿಂಗಳಿಗೆ 29.99 ಯೂರೊ, ಇಲ್ಲದಿದ್ದರೆ 39.99 ಯೂರೊ ಎಂದು ದರ ಇಟ್ಟಿತು. ಆ ಹೊತ್ತಿಗೆ ಫ್ರಾನ್ಸಿನ ಮನೆಗಳೂ ಎರಡು ಮೂರು ವರ್ಷದ ಬೆಲೆಯೇರಿಕೆಯಿಂದ ಸೋತಿದ್ದವು. ಜನ ಸಿಟ್ಟಾದರು. ಕದ್ದ ಲಿಂಕುಗಳಲ್ಲಿ ಪಂದ್ಯ ನೋಡುವವರು ಹೆಚ್ಚಿದರು. ಕಂಪನಿ 15 ಲಕ್ಷ ಚಂದಾದಾರರನ್ನು ನಂಬಿಕೊಂಡಿತ್ತು, ಬಂದದ್ದು ಅದರ ಮೂರನೇ ಒಂದು ಪಾಲಿನಷ್ಟು. 2025ರ ಆರಂಭದಲ್ಲಿ ಅದೂ ಕಂತಿನ ಹಣ ತಡೆಹಿಡಿಯಿತು, ಒಪ್ಪಂದ ಒಂದೇ ಸೀಸನ್ನಿಗೆ ಮುರಿದುಬಿತ್ತು.

ಇಲ್ಲಿಯವರೆಗೆ ಕಥೆ ದುಃಖದ್ದು. ಮುಂದಿನದು ನನಗೆ ಬಹಳ ಇಷ್ಟ. ಯಾರೂ ಕೊಳ್ಳಲು ಬರದಿದ್ದಾಗ ಲೀಗ್ ತಾನೇ ಒಂದು ಚಾನೆಲ್ ಶುರು ಮಾಡಿತು. ಹೆಸರು ಲೀಗ್ 1 ಪ್ಲಸ್, 2025ರ ಆಗಸ್ಟಿನಲ್ಲಿ, ದರ ತಿಂಗಳಿಗೆ 14.99 ಯೂರೊ. ಸುಮಾರು ಅರ್ಧ ಬೆಲೆ. ಕೆಲವೇ ವಾರಗಳಲ್ಲಿ 10 ಲಕ್ಷ ಮನೆಗಳು ಸೇರಿದವು. ಜನರಿಗೆ ಫುಟ್ಬಾಲ್ ಬೇಡವಾಗಿರಲಿಲ್ಲ, ಆ ಬೆಲೆ ಆಗುತ್ತಿರಲಿಲ್ಲ ಅಷ್ಟೇ. ಆದರೆ ಇದರಿಂದ ಕ್ಲಬ್‌ಗಳು ಉಳಿದವು ಎಂದುಕೊಳ್ಳಬೇಡಿ. ಮೊದಲು ಒಬ್ಬ ಗುತ್ತಿಗೆದಾರ ಮುಂಗಡವಾಗಿ ಖಾತ್ರಿ ಮೊತ್ತ ಕೊಡುತ್ತಿದ್ದ. ಈಗ ಚಂದಾ ಬಂದಷ್ಟೇ ದುಡ್ಡು. ಫ್ರಾನ್ಸಿನ ಎಷ್ಟೋ ಕ್ಲಬ್‌ಗಳು ಹಳೆಯ ದೊಡ್ಡ ಮೊತ್ತವನ್ನು ನಂಬಿ ಆಟಗಾರರಿಗೆ ನಾಲ್ಕು ಐದು ವರ್ಷದ ಕರಾರು ಬರೆದುಕೊಟ್ಟಿದ್ದವು.

ಶಿರಸಿ ಕಡೆಯವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅಡಿಕೆ ಕೊಯ್ಲು ಇನ್ನೂ ಮರದ ಮೇಲೆ ಇರುವಾಗಲೇ ಸೊಸೈಟಿಯಲ್ಲಿ ಬೆಳೆಸಾಲ ತೆಗೆದಿರುತ್ತೇವೆ. ಮದುವೆ, ಮನೆ ರಿಪೇರಿ, ಗೊಬ್ಬರ ಎಲ್ಲ ಅದರಲ್ಲೇ. ಮಳೆ ಬಿಡದೆ ಹೊಡೆದು ಕೊಳೆ ರೋಗ ಬಂದರೆ ಅಡಿಕೆ ಉದುರುತ್ತದೆ, ಸಾಲ ಉದುರುವುದಿಲ್ಲ. ಯುರೋಪಿನ ಕ್ಲಬ್‌ಗಳು ಮುಂದಿನ ವರ್ಷಗಳ ಟಿವಿ ಕಂತನ್ನೋ, ಆಟಗಾರನನ್ನು ಮಾರಿದ ಕಂತನ್ನೋ ತೋರಿಸಿ ಇವತ್ತೇ ಸಾಲ ಎತ್ತುತ್ತವೆ. ಅದಕ್ಕೆಂದೇ ಬ್ಯಾಂಕುಗಳಿವೆ. ಬಡ್ಡಿ ಕಡಿಮೆ ಇದ್ದಾಗ ಅದು ಸುಲಭದ ದಾರಿ. ಬಡ್ಡಿ ಐದು ಮುಟ್ಟಿದಾಗ ಮನೆಸಾಲದವನ ಕಂತು ಹೇಗೆ ಏರಿತೋ ಕ್ಲಬ್ಬಿನ ಕಂತೂ ಹಾಗೆಯೇ ಏರಿತು. ಮನೆಯ ಜೇಬು ಮತ್ತು ಕ್ಲಬ್ಬಿನ ಜೇಬು ಎರಡಕ್ಕೂ ಒಂದೇ ಸಲ ಕತ್ತರಿ.

ಸಂಬಳದ ಮಾತು ಇಲ್ಲೇ ಬರುತ್ತದೆ. ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗ್ ಚಾಂಪಿಯನ್‌ಶಿಪ್. ಡೆಲಾಯ್ಟ್ ಲೆಕ್ಕದಂತೆ 2021-22ರಲ್ಲಿ ಅಲ್ಲಿಯ ಕ್ಲಬ್‌ಗಳು ಗಳಿಸಿದ ಪ್ರತಿ 100 ಪೌಂಡಿಗೆ 108 ಪೌಂಡ್ ಸಂಬಳ ಕೊಟ್ಟಿವೆ. ಇದು ಅಚ್ಚಿನ ತಪ್ಪಲ್ಲ, ಆದಾಯಕ್ಕಿಂತ ಸಂಬಳವೇ ಜಾಸ್ತಿ. ಮೇಲಿನ ಪ್ರೀಮಿಯರ್ ಲೀಗಿಗೆ ಏರಿದರೆ ಟಿವಿ ಹಣದ ಹೊಳೆ ಹರಿಯುತ್ತದೆ ಎನ್ನುವ ಆಸೆ ಅದಕ್ಕೆ ಕಾರಣ. ಎಲ್ಲರೂ ಅದೇ ಮೂರು ಜಾಗಕ್ಕೆ ಓಡುತ್ತಾರೆ, ಕೊರತೆಯನ್ನು ಮಾಲೀಕ ಪ್ರತಿ ತಿಂಗಳು ಜೇಬಿನಿಂದ ತುಂಬುತ್ತಾನೆ. ಮಾಲೀಕನ ಬೇರೆ ವ್ಯಾಪಾರ ಚೆನ್ನಾಗಿದ್ದಷ್ಟು ದಿನ ಇದು ಹೊರಗೆ ಗೊತ್ತೇ ಆಗುವುದಿಲ್ಲ. ಶೆಫೀಲ್ಡ್ ವೆನ್ಸ್‌ಡೇ ಎಂಬ ನೂರೈವತ್ತು ವರ್ಷಕ್ಕೂ ಹಳೆಯ ಕ್ಲಬ್ 2025ರಲ್ಲಿ ಮತ್ತೆ ಮತ್ತೆ ಸಂಬಳ ತಡ ಮಾಡಿ, ಅಕ್ಟೋಬರಿನಲ್ಲಿ ದಿವಾಳಿ ಆಡಳಿತಕ್ಕೆ ಹೋಯಿತು, ಅಂದರೆ ಸಾಲ ತೀರಿಸಲಾಗದೆ ಹೊರಗಿನ ಆಡಳಿತಾಧಿಕಾರಿಗಳ ಕೈಗೆ ಬಂತು. ಅದಕ್ಕೆ ಶಿಕ್ಷೆಯಾಗಿ ಲೀಗಿನಲ್ಲಿ 12 ಅಂಕ ಕಡಿತವಾಯಿತು. ಅಲ್ಲಿಯ ಅಭಿಮಾನಿಗಳು ಮಾಲೀಕನ ಮೇಲಿನ ಸಿಟ್ಟಿಗೆ ಕ್ಲಬ್ಬಿನ ಅಂಗಡಿಗಳಲ್ಲಿ ಕೊಳ್ಳುವುದನ್ನೇ ನಿಲ್ಲಿಸಿದ್ದರು. ಆಡಳಿತಾಧಿಕಾರಿಗಳ ಕೈಗೆ ಕ್ಲಬ್ ಹೋದ ಕೂಡಲೇ ಸಾಲುಗಟ್ಟಿ ಬಂದು ಟಿಕೆಟ್ಟು, ಜೆರ್ಸಿ ಕೊಂಡರು. ಕಷ್ಟದ ಕಾಲದಲ್ಲೂ ಆ ಜನರ ಜೇಬು ತೆರೆಯಿತು, ಯಾಕೆಂದರೆ ಹಣ ಎಲ್ಲಿಗೆ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಇದು ಮೊದಲ ಸಲವೂ ಅಲ್ಲ. 2000ದಲ್ಲಿ ಐಟಿವಿ ಡಿಜಿಟಲ್ ಎಂಬ ಟಿವಿ ಕಂಪನಿ ಇಂಗ್ಲೆಂಡಿನ ಕೆಳ ಲೀಗ್‌ಗಳಿಗೆ ಮೂರು ವರ್ಷಕ್ಕೆ 31.5 ಕೋಟಿ ಪೌಂಡ್ ಕೊಡುವುದಾಗಿ ಒಪ್ಪಿತ್ತು. ಎಣಿಸಿದಷ್ಟು ಮನೆಗಳು ಚಂದಾ ಕಟ್ಟಲಿಲ್ಲ, 2002ರಲ್ಲಿ ಕಂಪನಿಯೇ ಮುಳುಗಿತು, ಆ ಹಣ ನಂಬಿ ಖರ್ಚು ಮಾಡಿದ್ದ ಕ್ಲಬ್‌ಗಳು ಒಂದರ ಹಿಂದೆ ಒಂದು ದಿವಾಳಿ ಆಡಳಿತಕ್ಕೆ ಹೋದವು. ಬ್ರಾಡ್‌ಫರ್ಡ್, ಲೆಸ್ಟರ್ ಎಲ್ಲ ಆ ಪಟ್ಟಿಯಲ್ಲಿವೆ.

ಹಾಗಾದರೆ ಪ್ರೀಮಿಯರ್ ಲೀಗ್? ಅಲ್ಲಿ ಪೆಟ್ಟು ಮೆತ್ತಗೆ ಬೀಳುತ್ತಿದೆ. 2023ರ ಡಿಸೆಂಬರಿನಲ್ಲಿ ಅವರು 2025ರಿಂದ ನಾಲ್ಕು ವರ್ಷಕ್ಕೆ ಒಳದೇಶದ ಹಕ್ಕನ್ನು 670 ಕೋಟಿ ಪೌಂಡಿಗೆ ಮಾರಿದಾಗ ದಾಖಲೆ ಎಂದು ಸುದ್ದಿಯಾಯಿತು. ಲೆಕ್ಕ ಹಾಕಿ. ಹಿಂದಿನ ಒಪ್ಪಂದ ಮೂರು ವರ್ಷಕ್ಕೆ ಸುಮಾರು 500 ಕೋಟಿ ಪೌಂಡ್. ವರ್ಷಕ್ಕೆ ಭಾಗಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಹೊಸದರಲ್ಲಿ ತೋರಿಸುವ ಪಂದ್ಯಗಳು ಬಹಳ ಜಾಸ್ತಿ. ಅಂದರೆ ಒಂದು ಪಂದ್ಯದ ಬೆಲೆ ಇಳಿದಿದೆ, ಮಧ್ಯದಲ್ಲಿ ಬೆಲೆಯೇರಿಕೆ ಬೇರೆ. ಟಿವಿ ಕಂಪನಿಗಳಿಗೂ ಗೊತ್ತು, ಮನೆಯವರಿಂದ ಇನ್ನೂ ಎಳೆಯಲು ಆಗುವುದಿಲ್ಲ ಎಂದು.

ಟಿವಿಯಿಂದ ಬೆಳವಣಿಗೆ ನಿಂತಾಗ ಕ್ಲಬ್‌ಗಳು ಮತ್ತೆ ಗೇಟಿನ ಕಡೆ ತಿರುಗುತ್ತವೆ. ನಿಮ್ಮ ಯುನೈಟೆಡ್ಡನ್ನೇ ನೋಡಿ. 2023-24ರಲ್ಲಿ 11.3 ಕೋಟಿ ಪೌಂಡ್ ನಷ್ಟ. 2024ರ ಕೊನೆಗೆ ಸೀಸನ್ ನಡುವೆಯೇ, ಸದಸ್ಯರಿಗೆ ಮಾರಲು ಉಳಿದಿದ್ದ ಟಿಕೆಟ್ಟುಗಳನ್ನೆಲ್ಲ 66 ಪೌಂಡ್ ಮಾಡಿದರು. ಮಕ್ಕಳಿಗೂ ಅಷ್ಟೇ, ಮುದುಕರಿಗೂ ಅಷ್ಟೇ, ರಿಯಾಯಿತಿ ಇರಲಿಲ್ಲ. ಅಪ್ಪ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋದರೆ ಸುಮಾರು 200 ಪೌಂಡ್, ಪ್ರಯಾಣ ಬೇರೆ. ಅದೇ ಹೊತ್ತಿಗೆ ಕ್ಲಬ್ಬಿನಲ್ಲಿ ನೂರಾರು ಜನ ಕೆಲಸ ಕಳೆದುಕೊಂಡರು. ಆಟಗಾರರ ಕರಾರಿಗೆ ಕೈ ಹಾಕಲು ಆಗುವುದಿಲ್ಲ, ಹಾಗಾಗಿ ಕತ್ತರಿ ಬಿದ್ದದ್ದು ಆಫೀಸಿನವರ ಮೇಲೆ, ಸಿಬ್ಬಂದಿಯ ಊಟದ ಮೇಲೆ. ಇದು ನನಗೆ ಅನ್ಯಾಯ ಅಂತಲೇ ಅನ್ನಿಸುತ್ತದೆ. ಬೆಲೆಯೇರಿಕೆಯಲ್ಲಿ ಒದ್ದಾಡುತ್ತಿರುವ ಮನೆಗಳ ಮೇಲೆಯೇ ಎರಡು ಕಡೆಯಿಂದ ಭಾರ ಹಾಕಿದ ಹಾಗೆ, ಟಿಕೆಟ್ ಕೊಳ್ಳುವವನಾಗಿ ಒಮ್ಮೆ, ಅಲ್ಲಿ ಕೆಲಸ ಮಾಡುವವನಾಗಿ ಇನ್ನೊಮ್ಮೆ.

ಜನ ಸುಮ್ನೆ ಇರಬೇಕಿಲ್ಲ. 2016ರ ಫೆಬ್ರವರಿ 6ರಂದು ಲಿವರ್‌ಪೂಲ್ ಅಭಿಮಾನಿಗಳು, 77 ಪೌಂಡಿನ ಟಿಕೆಟ್ ಯೋಜನೆಯನ್ನು ವಿರೋಧಿಸಿ, ಸಂಡರ್ಲೆಂಡ್ ಜೊತೆಗಿನ ಪಂದ್ಯದ 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರಗೆ ನಡೆದರು. ಆಗ ತಂಡ 2-0 ಮುಂದಿತ್ತು, ಪಂದ್ಯ 2-2 ಆಯಿತು. ಕೆಲವೇ ದಿನದಲ್ಲಿ ಮಾಲೀಕರು ಯೋಜನೆ ಹಿಂದಕ್ಕೆ ತೆಗೆದುಕೊಂಡರು. ಅದೇ ವರ್ಷದಿಂದ ಪ್ರೀಮಿಯರ್ ಲೀಗಿನಲ್ಲಿ ಬೇರೆ ಊರಿನಿಂದ ಬರುವ ಅಭಿಮಾನಿಯ ಟಿಕೆಟ್ಟಿಗೆ 30 ಪೌಂಡಿನ ಮಿತಿಯೂ ಬಂತು.

ಕ್ಲಬ್ಬಿನ ಖರ್ಚಿನ ಕಡೆ ಒಂದೇ ಮಾತು. 2022ರ ಚಳಿಗಾಲದಲ್ಲಿ ಇಂಗ್ಲೆಂಡಿನ ಸಣ್ಣ ಕ್ಲಬ್‌ಗಳಲ್ಲಿ ಹಲವು, ಫ್ಲಡ್‌ಲೈಟಿನ ಕರೆಂಟ್ ಉಳಿಸಲು ಪಂದ್ಯವನ್ನು ಬೇಗನೆ, ಮಧ್ಯಾಹ್ನಕ್ಕೆ ತಂದವು. ನಮ್ಮೂರಿನ ಟೂರ್ನಮೆಂಟುಗಳಿಗೆ ಈ ಬುದ್ಧಿ ಮೊದಲಿನಿಂದಲೂ ಇದೆ.

ಈಗ ನಮ್ಮ ದೇಶ. ಇಲ್ಲಿಯ ಲೆಕ್ಕ ತಲೆಕೆಳಗು. ಯುರೋಪಿನಲ್ಲಿ ಮನೆಗಳ ದುಡ್ಡನ್ನು ಅತಿಯಾಗಿ ನಂಬಿ ಕೆಟ್ಟರೆ, ಭಾರತದ ಕ್ಲಬ್‌ಗಳಿಗೆ ಮನೆಗಳ ದುಡ್ಡು ಬರುವುದೇ ಕಡಿಮೆ. ಟಿಕೆಟ್ಟು ಅಗ್ಗ, ಟಿವಿ ಹಣ ಅಲ್ಪ, ಜಾಹೀರಾತು ಬಹುಪಾಲು ಕ್ರಿಕೆಟ್ಟಿಗೆ. ಮಾಲೀಕನ ಜೇಬೇ ಆಧಾರ. ಮಹೀಂದ್ರಾ ಯುನೈಟೆಡ್ 2010ರಲ್ಲಿ, ಜೆಸಿಟಿ 2011ರಲ್ಲಿ ಮುಚ್ಚಿದ್ದು ಹೀಗೆಯೇ, ಕಂಪನಿ ಬೇಡ ಎಂದಿತು, ತಂಡ ಮಾಯ. ನಮ್ಮ ಪಕ್ಕದ ಗೋವಾದ ಡೆಂಪೊ, ಸಾಲ್ಗಾಂವಕರ್ ಕೂಡ ದೊಡ್ಡ ಮನೆತನಗಳ ಕ್ಲಬ್‌ಗಳು. ಅವು 2016ರಲ್ಲಿ ದೇಶದ ಆಗಿನ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಬಿಟ್ಟದ್ದು ಲೀಗಿನ ಹೊಸ ಯೋಜನೆ ಒಪ್ಪದೆ, ದುಡ್ಡಿಲ್ಲದೆ ಅಲ್ಲ. ಆದರೂ ಒಂದು ಮನೆತನದ ತೀರ್ಮಾನಕ್ಕೆ ಕಾರವಾರದ ತನಕ ಹಬ್ಬಿದ್ದ ಅಭಿಮಾನ ಒಂದೇ ದಿನ ಅನಾಥವಾಯಿತು, ನನ್ನ ವಯಸ್ಸಿನವರು ಅದನ್ನು ಇನ್ನೂ ಮರೆತಿಲ್ಲ.

ಎಫ್‌ಸಿ ಗೋವಾ ಆಡುವ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಥೆ ನಿಮಗೆ ಗೊತ್ತಿದೆ. 2010ರಲ್ಲಿ ಭಾರತದ ಫುಟ್ಬಾಲ್ ಫೆಡರೇಶನ್ ತನ್ನ ವ್ಯಾಪಾರದ ಹಕ್ಕು ಕೊಟ್ಟು ಮಾಡಿಕೊಂಡ 15 ವರ್ಷದ, 700 ಕೋಟಿ ರೂಪಾಯಿಯ ಒಪ್ಪಂದ 2025ರ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದೆ ಏನು ಎಂದು ತೀರ್ಮಾನವಾಗದೆ ಜುಲೈನಲ್ಲೇ ಲೀಗ್ ತಡೆಹಿಡಿದರು. ಆಗಸ್ಟಿನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಎರಡು ಐ-ಲೀಗ್ ಗೆದ್ದ, 2018-19ರಲ್ಲಿ ಐಎಸ್‌ಎಲ್ ಗೆದ್ದ ಕ್ಲಬ್ ಅದು. ಹೊಸ ಒಪ್ಪಂದಕ್ಕೆ ಟೆಂಡರ್ ಕರೆದರೆ ನವೆಂಬರಿನಲ್ಲಿ ಒಂದೇ ಒಂದು ಬಿಡ್ ಬರಲಿಲ್ಲ. ಇದಕ್ಕೆ ಬೆಲೆಯೇರಿಕೆ ಕಾರಣ ಎಂದು ನಾನು ಹೇಳುತ್ತಿಲ್ಲ, ಕಾರಣ ಆಡಳಿತದ್ದು. ಆದರೆ ಬಿಡ್ ಹಾಕುವವನು ಮೊದಲು ಕೇಳುವ ಪ್ರಶ್ನೆ, ಈ ಆಟಕ್ಕೆ ಎಷ್ಟು ಮನೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತವೆ ಎನ್ನುವುದು. 2024ರ ಜುಲೈನಲ್ಲಿ ಮೊಬೈಲ್ ಕಂಪನಿಗಳೆಲ್ಲ ದರ ಏರಿಸಿದವಲ್ಲ, ಜಿಯೊದ 239 ರೂಪಾಯಿಯ 28 ದಿನದ ಪ್ಯಾಕ್ 299 ಆಯಿತು. ನಾಲ್ಕು ಫೋನಿರುವ ಮನೆಯಲ್ಲಿ ಆ ಏರಿಕೆಯೊಂದೇ 28 ದಿನಕ್ಕೆ 240 ರೂಪಾಯಿ. ಆ ಮೇಲೆ ಪಂದ್ಯಕ್ಕೆಂದು ಬೇರೆ ಚಂದಾ ಕಟ್ಟಿ ಎಂದು ನಿಮ್ಮ ಅಮ್ಮನಿಗೆ ಯಾರು ಹೇಳುತ್ತಾರೆ?

ಮಡಗಾಂವಿನ ವಿಷಯ. ಅಲ್ಲಿಯ ಫಾತೋರ್ಡಾ ಸ್ಟೇಡಿಯಂನ ಟಿಕೆಟ್ ನಿಮ್ಮನ್ನು ತಡೆದಿಲ್ಲ, ಅಲ್ವಾ? ರಾತ್ರಿ ಏಳೂವರೆಗೆ ಶುರುವಾದ ಪಂದ್ಯ ಮುಗಿಯುವಾಗ ಒಂಬತ್ತೂವರೆ, ವಾಪಸ್ ಬರಲು ಸರಿಯಾದ ರೈಲಿಲ್ಲ, ಬಸ್ಸಿಲ್ಲ, ನಾಲ್ಕು ಜನ ಸೇರಿ ಗಾಡಿ ಮಾಡಬೇಕು. ಗೋವಾ ಗಡಿಯ ಪೋಳೆಂ ದಾಟಿದ ಮೇಲೆ ಪೆಟ್ರೋಲ್ ಅಗ್ಗ ಅಂತ ಅಲ್ಲೇ ತುಂಬಿಸಿದರೂ ಪ್ರಯಾಣವೇ ಟಿಕೆಟ್ಟನ್ನು ಮೀರುತ್ತದೆ. ಗೋವಾದ ಕ್ಲಬ್ಬಿನವರಿಗೆ ನಾನು ಹೇಳುವುದಾದರೆ ಟಿಕೆಟ್ ಇನ್ನೂ ಇಳಿಸಿ ಎನ್ನುವುದಿಲ್ಲ. ಭಾನುವಾರದ ಪಂದ್ಯ ಸಂಜೆ ಐದಕ್ಕೆ ಇಡಿ, ಕಾರವಾರ, ಕಾಣಕೋಣದಿಂದ ಒಂದು ಬಸ್ ಬಿಡಿ ಎನ್ನುತ್ತೇನೆ. ಮನೆಯ ಖರ್ಚು ಏರಿದಾಗ ಮೊದಲು ಹೋಗುವುದು ದೂರದ ಪ್ರೇಕ್ಷಕ, ಅವನನ್ನು ಉಳಿಸಿಕೊಳ್ಳಲು ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಕಾಣುವುದಿಲ್ಲ.

ನೀವು ಪ್ಯಾಕ್ ತೆಗೆಸಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ತಂಗಿಯ ಫೀಸು ಮೊದಲು. ಆಗಸ್ಟಿನಲ್ಲಿ ಬೋಟು ಇಳಿದು ಕೈಗೆ ನಾಲ್ಕು ಕಾಸು ಬಂದಾಗ, ದೊಡ್ಡ ಪ್ಯಾಕಿಗೆ ಹಾಕುವ ಮೊದಲು ಮಾಲಾದೇವಿ ಮೈದಾನದಲ್ಲಿ ಆಡುವ ನಿಮ್ಮ ಸುತ್ತಲಿನ ಹುಡುಗರ ತಂಡಕ್ಕೆ ಒಂದು ಚೆಂಡಿನ ದುಡ್ಡು ಕೊಡಿ. ಮತ್ತೆ ನೀವೇ ಟೂರ್ನಮೆಂಟ್ ನಡೆಸುವವರಾದರೆ, ಸ್ಪಾನ್ಸರ್ ಹಣ ಕೈಗೆ ಬಂದ ಮೇಲೆಯೇ ಬಹುಮಾನದ ಮೊತ್ತವನ್ನು ಕರಪತ್ರದಲ್ಲಿ ಹಾಕಿಸಿ.